ಪ್ಲೇಯರ್ ತಂದಾಯಿತು, ಮಿಕ್ಸರ್ ಆರಿಸುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಡಿಜೆ ಕೆಲಸಕ್ಕೆ ಇಳಿಯುವ ಬಹಳ ಮಂದಿ ಲ್ಯಾಪ್‌ಟಾಪ್ ಮತ್ತು ಕಂಟ್ರೋಲರ್ ಇಟ್ಟುಕೊಂಡೇ ಶುರು ಮಾಡುತ್ತಾರೆ. ಮದುವೆ ಸೀಸನ್, ಗಣೇಶ ಚೌತಿ, ರಂಗಪಂಚಮಿ ಅಂತ ಕೆಲಸ ಹೆಚ್ಚಿದಂತೆ ಲ್ಯಾಪ್‌ಟಾಪ್ ಕೈಕೊಡುವ ಭಯವೂ ಹೆಚ್ಚುತ್ತದೆ. ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ. ಬಣ್ಣ, ಧೂಳು ಕೀಬೋರ್ಡ್ ಒಳಗೆ ಇಳಿಯುತ್ತದೆ. ಆಗ ಮನಸ್ಸು ಮೀಡಿಯಾ ಪ್ಲೇಯರ್ ಕಡೆ ಹೋಗುತ್ತದೆ. ಪಯೊನಿಯರ್ ಡಿಜೆಯ ಸಿಡಿಜೆ-3000, ಎಕ್ಸ್‌ಡಿಜೆ-1000ಎಂಕೆ2, ಡೆನಾನ್‌ನ ಎಸ್‌ಸಿ6000 ಇಂಥವು. ಪೆನ್‌ಡ್ರೈವ್ ಹಾಕಿದರೆ ಸಾಕು, ಲ್ಯಾಪ್‌ಟಾಪ್ ಬೇಡವೇ ಬೇಡ. ಆದರೆ ಎರಡು ಪ್ಲೇಯರ್ ಕೊಳ್ಳುವಷ್ಟರಲ್ಲಿ ದುಡ್ಡು ಮುಗಿಯುತ್ತ ಬಂದಿರುತ್ತದೆ. ಪ್ಲೇಯರ್, ಮೈಕ್‌ಗಳ ಸದ್ದನ್ನು ಸೇರಿಸಿ ಸ್ಪೀಕರ್‌ಗೆ ಕಳಿಸುವ ಮಿಕ್ಸರ್‌ಗೆ ‘ಯಾವುದೋ ಒಂದು ಇರಲಿ ಬಿಡು’ ಅನ್ನಿಸುವುದು ಆಗಲೇ.

ಹಾಗೆ ಅಂದುಕೊಳ್ಳಬೇಡಿ. ಪ್ಲೇಯರ್ ಎಷ್ಟೇ ಒಳ್ಳೆಯದಿದ್ದರೂ ಅದರ ಸೌಂಡ್ ಸ್ಪೀಕರ್ ಮುಟ್ಟುವುದು ಮಿಕ್ಸರ್ ದಾಟಿಕೊಂಡೇ. ನಾನು ಹೇಳುವುದು ಇಷ್ಟೇ: ಮುಂಭಾಗದ ದೀಪ, ಎಫೆಕ್ಟ್ ಬಟನ್ ನೋಡುವ ಮೊದಲು ಮಿಕ್ಸರ್ ತಿರುಗಿಸಿ ಹಿಂಭಾಗ ನೋಡಿ. ನಮ್ಮ ಕಡೆಯ ಕಾರ್ಯಕ್ರಮಕ್ಕೆ ಅದು ಒಗ್ಗುತ್ತದೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೊದಲು ಒಂದು ಹಾಳೆ ತಗೊಳ್ಳಿ

ಒಂದು ಕಾರ್ಯಕ್ರಮದಲ್ಲಿ ಒಟ್ಟಿಗೆ ಏನೇನು ಜೋಡಿಸಬೇಕಾಗುತ್ತದೆ ಎಂದು ಬರೆಯಿರಿ. ಹಾವೇರಿಯ ಕಲ್ಯಾಣ ಮಂಟಪದಲ್ಲಿ ಮದುವೆ ಅಂದುಕೊಳ್ಳೋಣ. ಪ್ಲೇಯರ್ ಎರಡು. ನಿರೂಪಕರ ಕಾರ್ಡ್‌ಲೆಸ್ ಮೈಕ್ ಒಂದು, ಹಿರಿಯರು ನಾಲ್ಕು ಮಾತಾಡಲು ಇನ್ನೊಂದು. ಮದುಮಗಳ ತಂಗಿ ತನ್ನ ಡ್ಯಾನ್ಸಿನ ಹಾಡನ್ನು ಮೊಬೈಲ್‌ನಲ್ಲಿ ತಂದಿರುತ್ತಾಳೆ. ಅಷ್ಟರಲ್ಲಿ ವಿಡಿಯೊದವರು ಬಂದು ‘ಅಣ್ಣಾ, ನಮಗೂ ಒಂದು ಲೈನ್ ಕೊಡ್ರಿ’ ಅನ್ನುತ್ತಾರೆ. ಒಳಗೆ ಬರುವುದು ಐದಾಯಿತು. ಹೊರಗೆ ಹೋಗುವುದು ಮೂರು: ಸ್ಪೀಕರ್, ನೀವು ಕೇಳಿಕೊಳ್ಳಲು ಪಕ್ಕದಲ್ಲಿಡುವ ಮಾನಿಟರ್ ಸ್ಪೀಕರ್, ವಿಡಿಯೊ. ಈ ಹಾಳೆ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಪ್ಲೇಯರ್ ಜೋಡಿಸುವ ಜಾಗ

ಡಿಜೆ ಮಿಕ್ಸರ್‌ನ ಹಿಂದೆ ಫೋನೋ, ಲೈನ್ ಎಂದು ಎರಡು ಬಗೆಯ ಆರ್‌ಸಿಎ (ಕೆಂಪು-ಬಿಳಿ ಜೋಡಿ) ಸಾಕೆಟ್ ಇರುತ್ತವೆ. ಫೋನೋ ಇರುವುದು ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್‌ಗೆ. ಅದರ ಸೂಜಿಯಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಅದಕ್ಕೇ ಮಿಕ್ಸರ್ ಅದನ್ನು ಸುಮಾರು 40 ಡೆಸಿಬಲ್‌ನಷ್ಟು ಎತ್ತುತ್ತದೆ. ಮೀಡಿಯಾ ಪ್ಲೇಯರ್ ಕೊಡುವುದು ಲೈನ್ ಮಟ್ಟದ ಸಿಗ್ನಲ್. ಅದನ್ನು ಫೋನೋಗೆ ಚುಚ್ಚಿದರೆ ಸೌಂಡ್ ಒಡೆದು ಕರ್ಕಶವಾಗುತ್ತದೆ. ಹಾಗಾಗಿ ಲೈನ್ ಇನ್‌ಪುಟ್ ಎಷ್ಟಿವೆ ಎಂದು ಎಣಿಸಿ. ಒಂದೇ ಸಾಕೆಟ್ ಎರಡೂ ಕೆಲಸ ಮಾಡುವಂತಿದ್ದರೆ ಲೈನ್-ಫೋನೋ ಬದಲಿಸುವ ಸ್ವಿಚ್ ಎಲ್ಲಿದೆ ಎಂದು ಕೇಳಿ.

ದೊಡ್ಡ ಪ್ಲೇಯರ್‌ಗಳಲ್ಲಿ ಡಿಜಿಟಲ್ ಔಟ್ ಕೂಡ ಇರುತ್ತದೆ. ಪಯೊನಿಯರ್‌ನ ಡಿಜೆಎಂ-900ಎನ್‌ಎಕ್ಸ್‌ಎಸ್2 ಥರದ ಮಿಕ್ಸರ್‌ಗೆ ಅದನ್ನು 75 ಓಮ್‌ನ ಕೋಆಕ್ಸಿಯಲ್ ಕೇಬಲ್‌ನಲ್ಲಿ ನೇರವಾಗಿ ಕೊಡಬಹುದು. ಒಳ್ಳೆಯದೇ. ಆದರೆ ಬಯಲಲ್ಲಿ, ಜನರ ಗದ್ದಲದಲ್ಲಿ ಇದರ ವ್ಯತ್ಯಾಸ ಕಿವಿಗೆ ಸಿಗುವುದು ಕಷ್ಟ. ಇದೊಂದಕ್ಕಾಗಿ ಜಾಸ್ತಿ ದುಡ್ಡು ಹಾಕಬೇಡಿ.

ಮೈಕ್ ವಿಭಾಗ: ಇಲ್ಲಿ ಅವಸರ ಬೇಡ

ಡಿಜೆ ಮಿಕ್ಸರ್ ತಯಾರಾಗುವುದು ಕ್ಲಬ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಲ್ಲಿ ಮೈಕ್ ಬಳಕೆ ಕಡಿಮೆ. ನಮ್ಮಲ್ಲಿ ಹಾಗಲ್ಲ. ಹಾಡಿನ ಮಧ್ಯೆ ಆಯೇರಿ ಮಾಡಿದವರ ಹೆಸರು ಹೇಳಬೇಕು, ಊಟದ ಕರೆ ಕೊಡಬೇಕು, ಕಳೆದುಹೋದ ಮಗುವಿನ ಸುದ್ದಿಯನ್ನೂ ಹೇಳಬೇಕು. ಬೇರೆ ಸೌಂಡ್ ಮಿಕ್ಸರ್ ಇಲ್ಲದ ಕಡೆ ಇದೆಲ್ಲ ನಿಮ್ಮ ಡಿಜೆ ಮಿಕ್ಸರ್ ಮೇಲೆಯೇ ಬೀಳುತ್ತದೆ.

ಇಲ್ಲಿ ನೋಡಬೇಕಾದ್ದು: ಮೈಕ್ ಇನ್‌ಪುಟ್ ಒಂದೋ ಎರಡೋ? ಎರಡಿದ್ದರೆ ಪ್ರತಿಯೊಂದಕ್ಕೂ ಬೇರೆ ವಾಲ್ಯೂಮ್ ಇದೆಯೋ? ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಪ್ಲಗ್ಗೂ 6.35 ಮಿ.ಮೀ. ಜಾಕೂ ಎರಡೂ ಕೂರುವ ಕಾಂಬೊ ಸಾಕೆಟ್ಟೋ? ಕಾರ್ಡ್‌ಲೆಸ್ ರಿಸೀವರ್‌ಗಳಲ್ಲಿ ಎಷ್ಟೋ ಸಲ ಬರೀ 6.35 ಜಾಕ್ ಇರುತ್ತದೆ, ಅದಕ್ಕೇ ಇದನ್ನು ಕೇಳುವುದು. ಮೈಕ್‌ಗೆ ಹೈ, ಲೋ ಈಕ್ಯೂ (ತೆಳು ಸದ್ದು, ದಪ್ಪ ಸದ್ದುಗಳನ್ನು ಬೇರೆ ಬೇರೆ ಏರಿಸಿ ಇಳಿಸುವ ನಾಬ್) ಇರಲೇಬೇಕು. ಲೋ ಇಳಿಸಿದರೆ ಮಾತು ಗುಂಯ್‌ಗುಡುವುದು ನಿಲ್ಲುತ್ತದೆ. ಟಾಕ್‌ಓವರ್ ಇದ್ದರೆ ಇನ್ನೂ ಅನುಕೂಲ: ಯಾರಾದರೂ ಮಾತಾಡಿದ ಕೂಡಲೇ ಹಾಡು ತಾನಾಗಿ ತಗ್ಗುತ್ತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಹಾಡು ಹಾಕಿ, ಟಾಕ್‌ಓವರ್ ಆನ್ ಮಾಡಿ, ಮೈಕನ್ನು ಎದೆಯ ಹತ್ತಿರ ಹಿಡಿದು ಮೆಲ್ಲಗೆ ಮಾತಾಡಿ. ನಮ್ಮ ಹಿರಿಯರು ಮೈಕ್ ಹಿಡಿಯುವುದೇ ಹಾಗೆ, ಅಲ್ವಾ? ಅಷ್ಟು ಸಣ್ಣ ದನಿಗೂ ಹಾಡು ತಗ್ಗಬೇಕು. ಮಾತು ನಿಂತ ಮೇಲೆ ಹಾಡು ಧಡಕ್ಕನೆ ಏಳಬಾರದು, ನಿಧಾನವಾಗಿ ಏಳಬೇಕು.

ಡಿಜೆಎಂ-ಎ9ನಲ್ಲಿ ಎರಡು ಮೈಕ್ ಇನ್‌ಪುಟ್, ಕಂಡೆನ್ಸರ್ ಮೈಕ್‌ಗೆ ಬೇಕಾದ ಫ್ಯಾಂಟಮ್ ಪವರ್, ಮೊಬೈಲ್ ಹಾಡಿಗೆ ಬ್ಲೂಟೂತ್ ಎಲ್ಲ ಇವೆ. ಬೆಲೆಯೂ ಹಾಗೇ ಇದೆ. ಅಷ್ಟು ಆಗದಿದ್ದರೆ ಮೈಕ್‌ಗಳಿಗೆ ಒಂದು ಸಣ್ಣ ಅನಲಾಗ್ ಮಿಕ್ಸರ್ ಬೇರೆ ಇಟ್ಟು, ಅದರ ಔಟ್‌ಪುಟ್ಟನ್ನು ಡಿಜೆ ಮಿಕ್ಸರ್‌ನ ಒಂದು ಲೈನ್ ಚಾನೆಲ್‌ಗೆ (ತನ್ನದೇ ವಾಲ್ಯೂಮ್ ಇರುವ ಒಂದು ಸಾಲಿಗೆ) ಕೊಡಿ. ಕೆಲಸ ಸರಾಗವಾಗಿ ನಡೆಯುತ್ತದೆ.

ಹೊರಗೆ ಹೋಗುವ ದಾರಿ

ಮೇನ್ ಸ್ಪೀಕರ್‌ಗೆ ಹೋಗುವ ಮಾಸ್ಟರ್ ಔಟ್‌ಪುಟ್ ಎಕ್ಸ್‌ಎಲ್‌ಆರ್‌ನಲ್ಲಿ ಇರಲೇಬೇಕು. ಆರ್‌ಸಿಎ ಕೇಬಲ್ ನಾಲ್ಕೈದು ಮೀಟರ್ ದಾಟಿದರೆ ಜನರೇಟರ್, ಸೀರಿಯಲ್ ಲೈಟ್‌ಗಳ ಗುಂಯ್ ಸದ್ದೂ ಅದರೊಳಗೆ ಸೇರಿಕೊಳ್ಳಬಹುದು. ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಆದ್ದರಿಂದ ಉದ್ದ ಎಳೆದರೂ ಅದನ್ನು ತಡೆಯುತ್ತದೆ. ಗುಂಯ್ ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ರೂಢಿ ಕೆಲವರಲ್ಲಿದೆ. ಅದು ಜೀವಕ್ಕೇ ಅಪಾಯ, ದಯವಿಟ್ಟು ಮಾಡಬೇಡಿ. ಅದರ ಬದಲು ಸೌಂಡ್ ಕೇಬಲ್‌ನ ನಡುವೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ.

ಇನ್ನು ಬೂತ್ ಔಟ್‌ಪುಟ್, ಅಂದರೆ ನಿಮ್ಮ ಪಕ್ಕದ ಮಾನಿಟರ್‌ಗೆ ಹೋಗುವುದು. ದುಡ್ಡು ಉಳಿಸಲು ಹೋಗಿ ಜನ ಬಿಟ್ಟುಬಿಡುವುದು ಇದನ್ನೇ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮೇನ್ ಸ್ಪೀಕರ್ ನಿಮ್ಮಿಂದ 17 ಮೀಟರ್ ದೂರವಿದ್ದರೆ ಸದ್ದು ನಿಮಗೆ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಒಂದು ಬೀಟ್‌ಗೂ ಇನ್ನೊಂದಕ್ಕೂ ಅರ್ಧ ಸೆಕೆಂಡ್. ಅಂದರೆ ನಿಮಗೆ ಕೇಳುವುದು ಬೀಟ್‌ನ ಹತ್ತನೇ ಒಂದು ಭಾಗದಷ್ಟು ತಡವಾಗಿ. ಹೆಡ್‌ಫೋನ್‌ನಲ್ಲಿ ಕೇಳುವ ಮುಂದಿನ ಹಾಡಿನ ಜೊತೆ ಅದನ್ನು ಹೊಂದಿಸಿದರೆ ಜನರಿಗೆ ಕೇಳುವ ಮಿಕ್ಸ್ ತಪ್ಪುತ್ತದೆ. ಪಕ್ಕದಲ್ಲೇ ಒಂದು ಮಾನಿಟರ್, ಅದಕ್ಕೆ ತನ್ನದೇ ವಾಲ್ಯೂಮ್ ಇರುವ ಬೂತ್ ಔಟ್ ಇದ್ದರೆ ಈ ತೊಂದರೆ ಇಲ್ಲ. ಮೈಕ್ ಸದ್ದು ಬೂತ್‌ಗೆ ಹೋಗದಂತೆ ಮಾಡುವ ಆಯ್ಕೆ ಕೆಲವು ಮಿಕ್ಸರ್‌ಗಳಲ್ಲಿದೆ. ಫೀಡ್‌ಬ್ಯಾಕ್ (ಸ್ಪೀಕರ್ ಸದ್ದು ಮತ್ತೆ ಮೈಕ್‌ಗೆ ಸೇರಿ ಕೂಗುವುದು) ತಪ್ಪಿಸಲು ಅದು ಬಹಳ ಉಪಯೋಗ. ವಿಡಿಯೊದವರಿಗೆ ರೆಕ್ ಔಟ್ (ರೆಕಾರ್ಡಿಂಗ್‌ಗೆಂದು ಇರುವ ಔಟ್‌ಪುಟ್) ಸಾಕು.

ಎರಡು ಚಾನೆಲ್ಲೋ, ನಾಲ್ಕೋ?

ಪ್ಲೇಯರ್ ಎರಡೇ ಇದ್ದರೂ ನನ್ನ ಮತ ನಾಲ್ಕಕ್ಕೇ. ಮೂರನೆಯದು ಮೊಬೈಲ್‌ಗೆ, ನಾಲ್ಕನೆಯದು ಮೈಕ್ ಮಿಕ್ಸರ್‌ಗೆ. ಮನೆಯಲ್ಲಿ ಕಲಿಯುವವರಿಗೆ, ಸಣ್ಣ ಪಾರ್ಟಿ ಮಾಡುವವರಿಗೆ ಡಿಜೆಎಂ-450 ಥರದ ಎರಡು ಚಾನೆಲ್ ಸಾಕು. ಅಲೆನ್ ಆ್ಯಂಡ್ ಹೀತ್ ಕಂಪನಿಯ ಜೋನ್ 23ನಲ್ಲಿ ಎರಡು ಚಾನೆಲ್ ಇದ್ದರೂ ಪ್ರತಿಯೊಂದರಲ್ಲೂ ಫೋನೋ, ಲೈನ್ ಎರಡನ್ನೂ ಒಟ್ಟಿಗೆ ನುಡಿಸಬಹುದು.

ಲ್ಯಾನ್ ಕೇಬಲ್ ವಿಷಯ

ಪಯೊನಿಯರ್‌ನ ಪ್ರೊ ಡಿಜೆ ಲಿಂಕ್ ಇರುವ ಎರಡು ಪ್ಲೇಯರ್‌ಗಳನ್ನು ಒಂದು ಲ್ಯಾನ್ ಕೇಬಲ್‌ನಿಂದ ಜೋಡಿಸಿದರೆ ಒಂದೇ ಪೆನ್‌ಡ್ರೈವ್‌ನಿಂದ ಎರಡರಲ್ಲೂ ಹಾಡು ತೆಗೆಯಬಹುದು. ಇದಕ್ಕೆ ಮಿಕ್ಸರ್ ಬೇಕಿಲ್ಲ. ಮಿಕ್ಸರ್‌ನಲ್ಲೂ ಲಿಂಕ್ ಇದ್ದರೆ ಎಫೆಕ್ಟ್‌ಗಳು ಹಾಡಿನ ಬೀಟ್‌ಗೆ ಸರಿಯಾಗಿ ಕೂರುತ್ತವೆ. ಯಾವ ಪ್ಲೇಯರ್‌ನ ಸದ್ದು ಹೊರಗೆ ಹೋಗುತ್ತಿದೆ ಎಂಬುದೂ ಪ್ಲೇಯರ್‌ನಲ್ಲೇ ಕಾಣುತ್ತದೆ. ನುಡಿಯುತ್ತಿರುವ ಹಾಡಿನ ಮೇಲೆ ಅಪ್ಪಿತಪ್ಪಿ ಇನ್ನೊಂದು ಹಾಡು ಹಾಕುವುದು ಇದರಿಂದ ತಪ್ಪುತ್ತದೆ. ಡಿಜೆಎಂ-900ಎನ್‌ಎಕ್ಸ್‌ಎಸ್2ನಲ್ಲಿ ಲಿಂಕ್ ಸಾಕೆಟ್ ಒಂದೇ ಇರುವುದರಿಂದ ನಡುವೆ ಒಂದು ಸಾಮಾನ್ಯ ಲ್ಯಾನ್ ಸ್ವಿಚ್ (ಹಲವು ಲ್ಯಾನ್ ಕೇಬಲ್ ಕೂಡಿಸುವ ಪೆಟ್ಟಿಗೆ) ಬೇಕು. ವೈಫೈ ರೂಟರ್ ಬೇಡ. ಒಂದನೇ ಪ್ಲೇಯರ್ ಒಂದನೇ ಚಾನೆಲ್‌ಗೆ, ಎರಡನೆಯದು ಎರಡಕ್ಕೆ ಜೋಡಿಸಿ. ನಂಬರ್ ಅದಲು ಬದಲಾದರೆ ಯಾವುದರ ಸದ್ದು ಹೊರಗೆ ಹೋಗುತ್ತಿದೆ ಎಂದು ಪ್ಲೇಯರ್ ಸುಳ್ಳು ಹೇಳುತ್ತದೆ.

ಡೆನಾನ್ ಪ್ಲೇಯರ್ ಇದ್ದರೆ ಅದರದೇ ಎಕ್ಸ್1850 ಪ್ರೈಮ್ ನೋಡಿ, ಲ್ಯಾನ್ ಹಬ್ ಒಳಗೇ ಇದೆ. ಎರಡು ಕಂಪನಿಗಳ ಲಿಂಕ್ ಒಂದಕ್ಕೊಂದು ಮಾತಾಡುವುದಿಲ್ಲ. ಆದರೆ ಸೌಂಡ್‌ಗೆ ಆ ಕಟ್ಟುಪಾಡಿಲ್ಲ: ಯಾವ ಪ್ಲೇಯರನ್ನೂ ಯಾವ ಮಿಕ್ಸರ್‌ಗೂ ಲೈನ್‌ನಲ್ಲಿ ಕೊಡಬಹುದು.

ಲಿಂಕ್ ಇಲ್ಲದ ಮಿಕ್ಸರ್ ಕೀಳೇನಲ್ಲ. ನಮ್ಮ ಜಾನಪದ ಹಾಡು ಹಾಕುವವರು ಇದನ್ನು ಯೋಚಿಸಲೇಬೇಕು. ಡೊಳ್ಳು, ಹಲಗೆ, ಝಾಂಜ್ ಕೈಯಲ್ಲೇ ಬಾರಿಸಿ ರೆಕಾರ್ಡ್ ಮಾಡಿದ ಹಳೆಯ ಹಾಡುಗಳಲ್ಲಿ ವೇಗ ಏರುತ್ತ ಹೋಗುತ್ತದೆ. ಆ ಏರುವಿಕೆಯಲ್ಲೇ ಅದರ ಸೊಗಸು. ಆದರೆ ಲಿಂಕ್ ನೆಚ್ಚಿಕೊಳ್ಳುವ ಗ್ರಿಡ್ (ಬೀಟ್ ಬೀಳುವ ಜಾಗಗಳ ಗುರುತು) ಅಲ್ಲಿ ಸರಿಯಾಗಿ ಕೂರುವುದಿಲ್ಲ. ಪಯೊನಿಯರ್ ಪ್ಲೇಯರ್‌ಗೆ ಹಾಡು ಸಿದ್ಧಪಡಿಸುವ ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರ್‌ನಲ್ಲಿ ಡೈನಾಮಿಕ್ ವಿಧಾನದಿಂದ ಅನಲೈಸ್ ಮಾಡಿದರೆ ಗ್ರಿಡ್ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಎರಡು ಹಾಡಿನ ಬೀಟ್ ತಾನಾಗಿ ಹೊಂದಿಸುವ ಸಿಂಕ್ ಬಟನ್ ನಂಬಿದರೆ ಕೆಡುತ್ತದೆ. ಅಲ್ಲಿ ಕೈಹಿಡಿಯುವುದು ಒಳ್ಳೆಯ ಈಕ್ಯೂ ಮತ್ತು ಫಿಲ್ಟರ್. ಒಂದು ಹಾಡಿನ ಲೋ ಪೂರ್ತಿ ಇಳಿಸಿ ಡೊಳ್ಳಿನ ಗುಡುಗು ತೆಗೆದು, ಹಾಡುವವರ ದನಿ ಉಳಿಸಿ, ಕೆಳಗಿನಿಂದ ಮುಂದಿನ ಹಾಡಿನ ಬೀಟ್ ತರಬಹುದು. ಲೋ ನಾಬ್ ಪೂರ್ತಿ ಇಳಿಸಿದಾಗ ಬೇಸ್ ಸಂಪೂರ್ಣ ನಿಲ್ಲುತ್ತದೋ, ಇಲ್ಲ ಸ್ವಲ್ಪ ಉಳಿಯುತ್ತದೋ ಎಂದು ಕಿವಿಗೊಟ್ಟು ಕೇಳಿ. ಕೆಲವು ಮಿಕ್ಸರ್‌ಗಳಲ್ಲಿ ಇದಕ್ಕೆ ಐಸೋಲೇಟರ್ ಎಂಬ ಸ್ವಿಚ್ ಇದೆ. ಈ ಕೆಲಸಕ್ಕೆ ಜೋನ್ 92, ಜೋನ್ 43ರ ಅನಲಾಗ್ ಫಿಲ್ಟರ್ ನನಗೆ ಬಹಳ ಇಷ್ಟ.

ಸೆಕೆಂಡ್ ಹ್ಯಾಂಡ್ ತರುವುದಾದರೆ

ಮೊದಲು ಹಿಂಭಾಗದ ವೋಲ್ಟೇಜ್ ಚೀಟಿ ಓದಿ. ಹೊರದೇಶದಿಂದ ಬಂದ ಮಾಲಿನಲ್ಲಿ 100 ಅಥವಾ 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಚುಚ್ಚಿದ ಕೂಡಲೇ ಸುಟ್ಟುಹೋಗಬಹುದು. ಆಮೇಲೆ ಹಾಡು ಹಾಕಿ ಪ್ರತಿ ಫೇಡರನ್ನೂ (ಜಾರುವ ವಾಲ್ಯೂಮ್ ಹಿಡಿ) ತೀರಾ ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಕರಕರ ಸದ್ದು ಬಂದರೆ ಒಳಗೆ ಧೂಳಿದೆ ಅಥವಾ ಟ್ರ್ಯಾಕ್ ಸವೆದಿದೆ. ಫೇಡರ್ ಪೂರ್ತಿ ಕೆಳಗಿದ್ದಾಗಲೂ ಹಾಡು ಸಣ್ಣಗೆ ಕೇಳಿದರೆ ಆ ಫೇಡರ್ ಬದಲಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ. ಹೆಡ್‌ಫೋನ್ ಜಾಕನ್ನು ಅಲ್ಲಾಡಿಸಿ, ಒಂದು ಕಿವಿ ಹೋಗಿ ಬಂದರೆ ಅದೂ ರಿಪೇರಿಯೇ.

ಕೊಳ್ಳುವ ಮೊದಲು ಸೌಂಡ್ ಬಾಡಿಗೆಗೆ ಕೊಡುವವರಿಂದ ಅದೇ ಮಾಡೆಲ್ ತಂದು ಒಂದು ಕಾರ್ಯಕ್ರಮ ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಬಜೆಟ್‌ನಲ್ಲಿ ಎಕ್ಸ್‌ಎಲ್‌ಆರ್ ಕೇಬಲ್ ಎರಡು, ಆರ್‌ಸಿಎ ಮೂರು ಜೊತೆ, ಮೊಬೈಲ್‌ಗೆ 3.5 ಮಿ.ಮೀ. ಕೇಬಲ್ ಒಂದು, ಲ್ಯಾನ್ ಕೇಬಲ್ ಮೂರು, ಲ್ಯಾನ್ ಸ್ವಿಚ್ ಒಂದು ಸೇರಿಸಿಯೇ ಲೆಕ್ಕ ಹಾಕಿ. ಹಾಡುಗಳನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟುಕೊಳ್ಳಿ. ಲಿಂಕ್‌ನಲ್ಲಿರುವಾಗ ಯಾರಾದರೂ ಒಂದನ್ನು ಕಿತ್ತರೆ ಎರಡೂ ಪ್ಲೇಯರ್ ಒಟ್ಟಿಗೆ ತೊಂದರೆಗೆ ಸಿಗುತ್ತವೆ, ಆಗ ಎರಡನೆಯದು ಪಕ್ಕದ ಪ್ಲೇಯರ್‌ನಲ್ಲಿ ಮೊದಲೇ ಚುಚ್ಚಿರಬೇಕು.