ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕಲಿತ ಆಂಡ್ರಾಯ್ಡ್

ನಾನು ಓದಿದ್ದು ಬಿ.ಕಾಂ. ಉಡುಪಿಯಲ್ಲೇ ಒಬ್ಬ ಆಡಿಟರ್ ಹತ್ತಿರ ಎರಡು ವರ್ಷ ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ ಮಾಡಿದೆ. 2021ರ ಲಾಕ್‌ಡೌನಿನಲ್ಲಿ ಸಂಬಳ ಅರ್ಧವಾಯಿತು, ಸಮಯ ಮಾತ್ರ ಜಾಸ್ತಿಯಾಯಿತು. ಆಪ್ ಮಾಡಲು ಕಲಿಯೋಣ ಅಂತ ಕುಳಿತದ್ದು ಆಗ.

ನನ್ನ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್. ಆಪ್ ಬರೆಯುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದಿತ್ತು. ಕಂಪ್ಯೂಟರಿನೊಳಗೇ ಫೋನಿನಂತೆ ನಡೆಯುವ ಎಮ್ಯುಲೇಟರ್ ಶುರು ಮಾಡಿದರೆ ಫ್ಯಾನ್ ಕೂಗಿ ಎಲ್ಲ ನಿಂತೇ ಹೋಗುತ್ತಿತ್ತು. ಕೊನೆಗೆ ಅಮ್ಮನ ಹಳೇ ಫೋನನ್ನು ಕೇಬಲಿನಲ್ಲಿ ಜೋಡಿಸಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಅದರಲ್ಲೇ ಪರೀಕ್ಷೆ ಮಾಡತೊಡಗಿದೆ. ಈಗಲೂ ನಾನು ಎಮ್ಯುಲೇಟರಿಗಿಂತ ಒಂದು ಕಳಪೆ ಫೋನನ್ನೇ ಜಾಸ್ತಿ ನಂಬುತ್ತೇನೆ.

ಯಾವುದು ಕಲಿಯಬೇಕು ಎಂಬ ಗೊಂದಲದಲ್ಲೇ ಒಂದು ತಿಂಗಳು ಹೋಯಿತು. ಗೂಗಲ್ 2019ರಲ್ಲೇ ಆಂಡ್ರಾಯ್ಡಿಗೆ ಕಾಟ್ಲಿನ್ ಭಾಷೆಯೇ ಮೊದಲು ಅಂತ ಹೇಳಿತ್ತು. ಫ್ಲಟರ್ ಎಂಬ ಇನ್ನೊಂದು ಸಾಧನದಲ್ಲಿ ಒಮ್ಮೆ ಬರೆದರೆ ಐಫೋನಿಗೂ ಆಗುತ್ತದೆ, ನಿಜ. ಆದರೆ ಐಫೋನಿನ ಆಪ್ ತಯಾರಿಸಲು ಮ್ಯಾಕ್ ಕಂಪ್ಯೂಟರ್ ಬೇಕು, ಆಪ್ ಸ್ಟೋರಿಗೆ ವರ್ಷ ವರ್ಷ 99 ಡಾಲರ್ ಕಟ್ಟಬೇಕು. ಪ್ಲೇ ಸ್ಟೋರಿನಲ್ಲಿ ಒಂದೇ ಸಲ 25 ಡಾಲರ್. ನನ್ನ ಜೇಬೇ ತೀರ್ಮಾನ ಮಾಡಿತು: ಕಾಟ್ಲಿನ್. ಆಮೇಲೆ ಜುಲೈನಲ್ಲಿ ಸ್ಕ್ರೀನ್ ಕಟ್ಟುವ ಹೊಸ ವಿಧಾನ, ಜೆಟ್‌ಪ್ಯಾಕ್ ಕಂಪೋಸ್ 1.0 ಬಂತು. ಹಳೇ ವಿಧಾನವಾದ ಎಕ್ಸ್‌ಎಂಎಲ್‌ನಲ್ಲಿ ಆಗಷ್ಟೇ ಕಲಿತದ್ದನ್ನೆಲ್ಲ ಬಿಟ್ಟು ಮೊದಲಿಂದ ಶುರು ಮಾಡಿದೆ. ಅದು ಪೆದ್ದುತನ. ಆಮೇಲೆ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಬಂದ ಕೋಡ್ ಪೂರ್ತಿ ಎಕ್ಸ್‌ಎಂಎಲ್!

ಆ ವರ್ಷ ನಾನು ಮಾಡಿದ್ದು ಕ್ಯಾಲ್ಕುಲೇಟರ್, ಹವಾಮಾನದ ಆಪ್, ಟು-ಡೂ ಲಿಸ್ಟ್. ಎಲ್ಲರೂ ಮಾಡುವುದೂ ಅದೇ. ಇಪ್ಪತ್ತಕ್ಕೂ ಹೆಚ್ಚು ಕಡೆ ರೆಸ್ಯೂಮೆ ಕಳಿಸಿದೆ, ಒಂದು ಕಡೆಯಿಂದಲೂ ಉತ್ತರ ಬರಲಿಲ್ಲ. ಒಬ್ಬರು ಅಂಗಡಿಗೆ ಆಪ್ ಬೇಕು ಅಂತ ಮಾಡಿಸಿಕೊಂಡು ದುಡ್ಡು ಕೊಡದೆ ಫೋನ್ ಎತ್ತುವುದನ್ನೇ ಬಿಟ್ಟರು. ಅದರ ಸುದ್ದಿ ಬೇಡ.

ನನ್ನ ಸೋದರಮಾವ ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟ್ ನೋಡಿಕೊಳ್ಳುತ್ತಾರೆ. ಬೋಟು ಕಡಲಿಗೆ ಹೋಗುವ ಮೊದಲು ಐಸ್ ತುಂಬಿಸಿಕೊಳ್ಳಬೇಕು. ಯಾವ ಬೋಟಿಗೆ ಎಷ್ಟು ಬ್ಲಾಕ್ ಹೋಯಿತು, ಬಾಕಿ ಎಷ್ಟು ಅಂತ ಮಾವ ಪುಸ್ತಕದಲ್ಲಿ ಗೀಟು ಎಳೆದು ಲೆಕ್ಕ ಇಡುತ್ತಿದ್ದರು. ನಾಲ್ಕು ಗೀಟು, ಐದನೆಯದು ಅಡ್ಡ. ಪುಸ್ತಕ ಒದ್ದೆಯಾಗಿ ಶಾಯಿ ಹರಡುತ್ತಿತ್ತು. ನೂರಾರು ಬ್ಲಾಕ್ ಜಾರಿ ಹೋಗುವಾಗ ಎರಡು ಹೆಚ್ಚು, ಎರಡು ಕಮ್ಮಿ ಅಂತ ಬೋಟು ನಡೆಸುವ ತಾಂಡೇಲರ ಜೊತೆ ಜಗಳ. 'ನೀನು ಏನೋ ಆಪ್ ಕಲಿತಿದ್ದೀಯಲ್ವಾ, ಇದಕ್ಕೊಂದು ಮಾಡಿ ಕೊಡು ಮಾರಾಯ' ಅಂದರು.

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. 2022ರ ಆ ಎರಡು ತಿಂಗಳು ಮಾವನಿಗೆ ಪುರುಸೊತ್ತು, ನನಗೂ. ಮಳೆ ಹೊಯ್ಯುವಾಗ ಅವರ ಆಫೀಸಿನಲ್ಲಿ ಕುಳಿತು ಒಂದೊಂದೇ ಸ್ಕ್ರೀನ್ ತೋರಿಸುತ್ತಾ ಮಾಡಿದೆ. ಚಂದದ ಬಣ್ಣ, ಚಂದದ ಗುಂಡಿ. ನೆಟ್‌ವರ್ಕ್ ಒಳಗೆ ಸಿಗುವುದಿಲ್ಲ ಅಂತ ಗೊತ್ತಿದ್ದರಿಂದ ಡೇಟಾ ಪೂರ್ತಿ ಫೋನಿನಲ್ಲೇ, ರೂಮ್ ಎಂಬ ಡೇಟಾಬೇಸಿನಲ್ಲಿ. ಹೆಸರುಗಳೆಲ್ಲ ಕನ್ನಡದಲ್ಲಿ. ಗುಂಡಿಗೆ ಎತ್ತರ ನಿಗದಿ ಮಾಡಿಟ್ಟಿದ್ದರಿಂದ 'ಒಟ್ಟು' ಎಂಬುದರ ಒತ್ತಕ್ಷರ ಕೆಳಗೆ ಕತ್ತರಿಸಿಹೋಗಿ 'ಒಟು' ಅಂತ ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಜಾಗ ನಮ್ಮ ಅಕ್ಷರಕ್ಕೆ ಸಾಲದು. ಎತ್ತರವನ್ನು ಅಕ್ಷರಕ್ಕೆ ತಕ್ಕ ಹಾಗೆ ಬೆಳೆಯಲು ಬಿಟ್ಟೆ.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಮೊದಲ ದಿನವೇ ನನ್ನ ಆಪ್ ಮುಳುಗಿತು.

ಐಸ್ ಪ್ಲಾಂಟಿನಲ್ಲಿ ಯಾರ ಕೈಯೂ ಒಣಗಿರುವುದಿಲ್ಲ. ಒದ್ದೆ ಬೆರಳಿಗೆ ಟಚ್ ಸರಿಯಾಗಿ ಸಿಗುವುದಿಲ್ಲ, ಸ್ಕ್ರೀನಿನ ಮೇಲೆ ಬಿದ್ದ ನೀರ ಹನಿಯೇ ಗುಂಡಿ ಒತ್ತುತ್ತದೆ. ಎರಡು ತಿಂಗಳು ಒಣ ಆಫೀಸಿನಲ್ಲಿ ಕುಳಿತು ಮಾಡಿದವನಿಗೆ ಇದು ಹೊಳೆದೇ ಇರಲಿಲ್ಲ. ಗುಂಡಿ ದೊಡ್ಡದು ಮಾಡಿದೆ, ಪ್ರಯೋಜನ ಆಗಲಿಲ್ಲ. ಮಾವ ಫೋನನ್ನು ಲುಂಗಿಗೆ ಒರೆಸುತ್ತಾ, 'ಒತ್ತಿದರೆ ಒತ್ತಿದ್ದು ಗೊತ್ತಾಗುವ ಗುಂಡಿ ಇಲ್ವಾ ಇದರಲ್ಲಿ, ಹಳೇ ನೋಕಿಯಾದ ಹಾಗೆ?' ಅಂದರು.

ಇತ್ತಲ್ಲ! ವಾಲ್ಯೂಮ್ ಬಟನ್. ಮೇಲಿನದು ಒತ್ತಿದರೆ ಒಂದು ಬ್ಲಾಕ್ ಸೇರಬೇಕು, ಕೆಳಗಿನದು ಒತ್ತಿದರೆ ಒಂದು ಕಳೆಯಬೇಕು, ಪ್ರತಿ ಸಲ ಫೋನ್ ಸಣ್ಣಗೆ ನಡುಗಬೇಕು. ಸ್ಕ್ರೀನ್ ಆರದ ಹಾಗೆ ಮಾಡಿ, ಆ ಬಟನ್ ಒತ್ತಿದ್ದನ್ನು ಆಪ್ ಹಿಡಿಯುವಂತೆ ಬರೆಯಲು ಹತ್ತಿಪ್ಪತ್ತು ಸಾಲು ಸಾಕಾಯಿತು. ಮರುದಿನ ಇನ್ನೊಂದು ಎಡವಟ್ಟು: ಮಾವ ಬಟನ್ ಮೇಲೆ ಸ್ವಲ್ಪ ಹೊತ್ತು ಬೆರಳು ಇಟ್ಟರೆ ಒಂದು ಬ್ಲಾಕ್ ಏಳಾಗುತ್ತಿತ್ತು. ಬಟನ್ ಹಿಡಿದಿದ್ದರೆ ಆಂಡ್ರಾಯ್ಡ್ ಅದೇ ಸುದ್ದಿಯನ್ನು ಮತ್ತೆ ಮತ್ತೆ ಕಳಿಸುತ್ತದೆ, ಎಷ್ಟು ಸಲ ಮರುಕಳಿಸಿತು ಎಂದು ಹೇಳುವ ರಿಪೀಟ್ ಕೌಂಟ್ ಸೊನ್ನೆ ಇದ್ದಾಗ ಮಾತ್ರ ಎಣಿಸಬೇಕು. ಯಾವ ವೀಡಿಯೋ ಪಾಠದಲ್ಲೂ ನಾನು ಇದನ್ನು ನೋಡಿರಲಿಲ್ಲ.

ಇನ್ನೊಮ್ಮೆ ಎಣಿಕೆಯ ಮಧ್ಯೆ ಕರೆ ಬಂತು, ಆಮೇಲೆ ಅವರು ವಾಟ್ಸಾಪ್ ನೋಡಿದರು, ತಿರುಗಿ ಬಂದರೆ ಲೆಕ್ಕ ಸೊನ್ನೆ. ಮೆಮೊರಿ ಕಮ್ಮಿ ಇರುವ ಫೋನಿನಲ್ಲಿ ಹಿಂದೆ ಹೋದ ಆಪನ್ನು ಸಿಸ್ಟಮ್ ಸುಮ್ನೆ ಕೊಂದು ಹಾಕುತ್ತದೆ. ನಾನು ಎಣಿಕೆ ಮುಗಿದ ಮೇಲೆ ಸೇವ್ ಮಾಡುತ್ತಿದ್ದೆ. ಅಂದಿನಿಂದ ಪ್ರತಿ ಒತ್ತಿಗೂ ಡೇಟಾಬೇಸಿಗೆ ಬರೆದೆ. ಫೋನಿನ ಸೆಟ್ಟಿಂಗ್ಸಿನ ಡೆವಲಪರ್ ಆಪ್ಷನ್ಸ್‌ನಲ್ಲಿ 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್' ಅಂತ ಒಂದಿದೆ, ಬಿಟ್ಟು ಹೋದ ಸ್ಕ್ರೀನನ್ನು ಕೂಡಲೇ ಮುಗಿಸಿಬಿಡುವ ಆಯ್ಕೆ. ಅದನ್ನು ಆನ್ ಮಾಡಿ ನಿಮ್ಮ ಆಪನ್ನು ಅರ್ಧ ಗಂಟೆ ಬಳಸಿ ನೋಡಿ, ಇಂಥ ತಪ್ಪು ಬಹಳಷ್ಟು ಮನೆಯಲ್ಲೇ ಸಿಕ್ಕಿಬೀಳುತ್ತದೆ.

ಅಕ್ಟೋಬರಿನಲ್ಲಿ ಗುಡುಗು-ಸಿಡಿಲು. ಚಾರ್ಜಿಗೆ ಇಟ್ಟಿದ್ದ ಲ್ಯಾಪ್‌ಟಾಪ್ ಒಂದು ಸಂಜೆ ಸುಟ್ಟಿತು. ಕೋಡ್ ಇಂಟರ್ನೆಟ್ಟಿನಲ್ಲಿ, ಗಿಟ್‌ಹಬ್‌ನಲ್ಲಿತ್ತು, ಕೀಸ್ಟೋರ್ ಫೈಲ್ ಮಾತ್ರ ಲ್ಯಾಪ್‌ಟಾಪಿನ ಹೊರಗೆ ಎಲ್ಲೂ ಇರಲಿಲ್ಲ. ಆಪಿಗೆ ಸಹಿ ಹಾಕುವ ಬೀಗದಕೈ ಅದು. ಬೇರೆ ಸಹಿಯ ಎಪಿಕೆಯನ್ನು (ಆಪ್ ಹಾಕುವ ಫೈಲನ್ನು) ಫೋನ್ ಹಳೆಯದರ ಮೇಲೆ ಹಾಕಿಸಿಕೊಳ್ಳುವುದಿಲ್ಲ. ಹಳೆಯದನ್ನು ತೆಗೆದರೆ ಒಳಗಿನ ಲೆಕ್ಕವೂ ಹೋಗುತ್ತದೆ. ಪುಣ್ಯಕ್ಕೆ, ಮಾವನ ಒತ್ತಾಯಕ್ಕೆ ಪ್ರತಿ ಸಂಜೆ ಆ ದಿನದ ಲೆಕ್ಕವನ್ನು ವಾಟ್ಸಾಪಿಗೆ ಕಳಿಸುವ ಗುಂಡಿ ಇಟ್ಟಿದ್ದೆ. ದಿನಕ್ಕೊಂದರಂತೆ ಬಿದ್ದಿದ್ದ ಆ ಫೈಲುಗಳನ್ನೆಲ್ಲ ಓದಿ ತುಂಬಿಸುವ ಕೋಡ್ ಬರೆದು, ಗೆಳೆಯನ ಲ್ಯಾಪ್‌ಟಾಪಿನಲ್ಲಿ ಎರಡು ರಾತ್ರಿ ಕುಳಿತು ಸರಿ ಮಾಡಿದೆ. ಪ್ಲೇ ಸ್ಟೋರಿನ ಆಪ್ ಸೈನಿಂಗ್ ಬಳಸಿದರೆ ಮುಖ್ಯ ಕೀ ಗೂಗಲ್ ಹತ್ತಿರವೇ ಇರುತ್ತದೆ, ಆಪನ್ನು ಅಲ್ಲಿಗೆ ಕಳಿಸಲು ನಿಮ್ಮ ಹತ್ತಿರ ಇರುವ ಅಪ್‌ಲೋಡ್ ಕೀ ಕಳೆದರೆ ಬೇರೆಯದು ಮಾಡಿಸಿಕೊಳ್ಳಬಹುದು. ನನ್ನ ಹಾಗೆ ಎಪಿಕೆಯನ್ನು ನೇರ ಕೈಗೆ ಕೊಡುವವರು ಕೀಯನ್ನು ಎರಡು ಜಾಗದಲ್ಲಿ ಇಟ್ಟುಕೊಳ್ಳಿ, ಆದರೆ ಎಲ್ಲರಿಗೂ ತೆರೆದ ಗಿಟ್‌ಹಬ್‌ನಲ್ಲಿ ಮಾತ್ರ ಬೇಡ.

2023ರ ಜನವರಿಯಲ್ಲಿ ರೆಸ್ಯೂಮೆಯಿಂದ ಕ್ಯಾಲ್ಕುಲೇಟರ್, ಹವಾಮಾನ, ಟು-ಡೂ ಮೂರನ್ನೂ ತೆಗೆದುಹಾಕಿದೆ. ಐಸ್ ಲೆಕ್ಕ ಒಂದೇ ಉಳಿಯಿತು. ಮಂಗಳೂರಿನ ಒಂದು ಸಣ್ಣ ಕಂಪನಿ ಕರೆಯಿತು. 'ಆಪ್ ಹಿಂದೆ ಹೋದಾಗ ಸಿಸ್ಟಮ್ ಅದನ್ನು ಮುಗಿಸಿಬಿಟ್ಟರೆ ಏನು ಮಾಡುತ್ತೀರಿ?' ಅಂತ ಕೇಳಿದರು. ನಾನು ಮಾವನ ಕಥೆ ಹೇಳಿದೆ. ವಾಲ್ಯೂಮ್ ಬಟನ್ ವಿಷಯ ಬಂದಾಗ ಅವರು ಲ್ಯಾಪ್‌ಟಾಪ್ ಮುಚ್ಚಿ, 'ಫೋನಿನಲ್ಲಿದ್ದರೆ ತೋರಿಸಿ' ಅಂದರು. ಮುಂದಿನ ಮುಕ್ಕಾಲು ಗಂಟೆ ಅದೇ ಮಾತು. ಬಿ.ಕಾಂ. ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ. ಶುರುವಿನ ಸಂಬಳ 18,000. ಉಡುಪಿಯಿಂದ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪಡುಬಿದ್ರಿ ದಾಟುವವರೆಗೆ ನಿದ್ದೆ, ಆಮೇಲೆ ಸುರತ್ಕಲ್‌ವರೆಗೆ ಏನಾದರೂ ಓದು.

ಈಗ ಶುರು ಮಾಡುವವರಿಗೆ ಒಂದು ತೊಡಕು ಹೆಚ್ಚಿದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಪ್ಲೇ ಸ್ಟೋರಿಗೆ ಆಪ್ ಬಿಡುವ ಮೊದಲು ಸತತ 14 ದಿನ ಪರೀಕ್ಷಕರಿಂದ ಬಳಸಿಸಬೇಕು. ಮೊದಲು 20 ಜನ ಬೇಕಿತ್ತು, ಆಮೇಲೆ ಅದನ್ನು 12ಕ್ಕೆ ಇಳಿಸಿದರು. ದುಡ್ಡಿಗೆ ಪರೀಕ್ಷಕರನ್ನು ಒದಗಿಸುವವರ ಹತ್ತಿರ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಆಪ್ ನಿಜಕ್ಕೂ ಬೇಕಾದ ಹನ್ನೆರಡು ಜನ ಸಿಗದಿದ್ದರೆ, ಬೇರೆ ಆಪ್ ಯೋಚಿಸುವುದೇ ಒಳ್ಳೆಯದು ಅಲ್ವಾ?

ಮಾವ ಕಳೆದ ವಾರ ಫೋನ್ ಮಾಡಿದ್ದರು. ಒತ್ತಿ ಒತ್ತಿ ವಾಲ್ಯೂಮ್ ಮೇಲಿನ ಬಟನ್ ಸವೆದು ಕೂತುಬಿಟ್ಟಿದೆಯಂತೆ. ಎಣಿಸುವುದನ್ನು ಕೆಳಗಿನ ಬಟನ್ನಿಗೆ ಬದಲಾಯಿಸಿ ಕೊಡು ಅಂತ. ಹಾಗಾದರೆ ಕಳೆಯುವುದಕ್ಕೆ ಯಾವುದು ಅಂತ ಕೇಳಿದೆ. 'ಅದು ನಿನ್ನ ಕೆಲಸ ಅಲ್ವಾ' ಅಂದು ಇಟ್ಟುಬಿಟ್ಟರು.