ಸ್ನೋ, ಐಸ್ ಎಷ್ಟು ಭಾರ ತಾಳುತ್ತದೆ? ಮಲೆನಾಡಿನಿಂದ ಹೊಸದಾಗಿ ಬಂದವರಿಗೆ

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಅಮೆರಿಕದ ಮಿನ್ನೆಸೋಟಕ್ಕೋ ಕೆನಡಾದ ಮ್ಯಾನಿಟೋಬಾಕ್ಕೋ ಬಂದವರಿಗೆ ಮಳೆಯ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗುಂಬೆಯಲ್ಲಿ ಎಷ್ಟೇ ಹೊಯ್ದರೂ ನೀರು ಹೆಂಚಿನಿಂದ ಇಳಿದು ಹಳ್ಳ ಸೇರುತ್ತದೆ. ಸ್ನೋ ಹಾಗಲ್ಲ. ಬಿದ್ದಲ್ಲೇ ಕೂತು ಗಂಟೆಗಂಟೆಗೂ ಬೇರೆಯಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಊದಿದರೆ ಹಾರುತ್ತಿದ್ದದ್ದು ಸಂಜೆಗೆ ಸಲಿಕೆಗೂ ಬಗ್ಗುವುದಿಲ್ಲ.

ಮೊದಲು ಡ್ರೈವ್‌ವೇ, ಅಂದರೆ ರಸ್ತೆಯಿಂದ ಮನೆಗೆ ಕಾರು ಬರುವ ದಾರಿ. ಆಗಷ್ಟೇ ಬಿದ್ದ ಒಣ ಸ್ನೋ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ, ಕೂತು ಇಳಿದದ್ದು 200ರಿಂದ 300 ಕಿಲೋ, ಗಟ್ಟಿ ಐಸ್ 917 ಕಿಲೋ. ಪ್ಲೋ ಗಾಡಿ ರಸ್ತೆ ಗೋರಿಕೊಂಡು ಹೋಗುವಾಗ ನಿಮ್ಮ ಡ್ರೈವ್‌ವೇ ಬಾಯಿಗೊಂದು ದಿಬ್ಬ ಬಿಟ್ಟೇ ಹೋಗುತ್ತದೆ. ಆ ನೂಕಾಟದಲ್ಲಿ ಸ್ನೋ ಹರಳುಗಳು ಮುರಿದು ಪುಡಿಯಾಗಿ ಒತ್ತೊತ್ತಾಗಿ ಕೂರುತ್ತವೆ, ತಾಗಿದಲ್ಲೆಲ್ಲ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದೆರಡು ಗಂಟೆ ಬಿಟ್ಟರೆ ಕಲ್ಲು. ಹಾಗಾಗಿ ಉಳಿದದ್ದನ್ನೆಲ್ಲ ಆಮೇಲೆ ನೋಡಿಕೊಳ್ಳಿ, ಆ ದಿಬ್ಬವನ್ನು ಮೊದಲು ತೆಗೆಯಿರಿ. ಸಲಿಕೆ ತುಂಬ ಎತ್ತುವ ಹುಮ್ಮಸ್ಸು ಬೇಡ, ಸೊಂಟ ಹಿಡಿಯುತ್ತದೆ, ಆದಷ್ಟೂ ನೂಕಿ. ಉಪ್ಪು ಹೆಚ್ಚು ಸುರಿದರೆ ಹೆಚ್ಚು ಕರಗುತ್ತದೆ ಎನ್ನುವುದೂ ಸುಳ್ಳು. ಒಂದು ದೊಡ್ಡ ಕಾಫಿ ಮಗ್‌ನಷ್ಟು ಉಪ್ಪು 20 ಅಡಿ ಡ್ರೈವ್‌ವೇಗೆ ಸಾಕು. ಮೈನಸ್ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾಮೂಲಿ ಉಪ್ಪು ಹೆಚ್ಚುಕಮ್ಮಿ ದಂಡ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಇಲ್ಲವೇ ಕಾಲಿಗೆ ಹಿಡಿತ ಸಿಗಲಿ ಎಂದು ಮರಳು ಎರಚಿ.

ಮನೆಯ ಮಾಡಿನ (ಚಾವಣಿಯ) ಲೆಕ್ಕ ಹೀಗೆ. ಒಂದಡಿ ಹೊಸ ಸ್ನೋ ಎಂದರೆ ಸುಮಾರು ಒಂದಿಂಚು ನೀರು, ಅಂದರೆ ಚದರ ಮೀಟರಿಗೆ 25 ಕಿಲೋ. ಕೂತು ಗಟ್ಟಿಯಾದ ಹಳೇ ಸ್ನೋ ನಾಲ್ಕಿಂಚಿಗೇ ಅಷ್ಟು ತೂಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸ್ನೋ ಮೇಲೆ ಮಳೆ: ನೀರು ಇಳಿದು ಹೋಗದೆ ಅದರೊಳಗೇ ನಿಲ್ಲುತ್ತದೆ. ಚೆನ್ನಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಂಡರೆ, ಸೀಲಿಂಗ್‌ನಲ್ಲಿ ಹೊಸ ಬಿರುಕು ಕಂಡರೆ, ಮೇಲೆ ಚಟಚಟ ಸದ್ದು ಬಂದರೆ ಎಲ್ಲರೂ ಹೊರಗೆ ಬಂದು ಬಲ್ಲವರನ್ನು ಕರೆಸಿ. ಊರಲ್ಲಿ ಹೆಂಚು ಕೈಯಾಡಿಸಲು ಹತ್ತಿದ ಹಾಗೆ ಇಲ್ಲಿ ಹತ್ತಬೇಡಿ. ರೂಫ್ ರೇಕ್ ಎಂದು ಉದ್ದ ಹಿಡಿಯ ಗೋರುಮಣೆ ಸಿಗುತ್ತದೆ. ನೆಲದ ಮೇಲೆ ನಿಂತೇ ಅದರಲ್ಲಿ ಅಂಚಿನಿಂದ ಎಳೆಯಿರಿ, ಒಂದೆರಡಿಂಚು ಉಳಿದರೆ ಉಳಿಯಲಿ.

ಇನ್ನು ಹೆಪ್ಪುಗಟ್ಟಿದ ಕೆರೆ. ಊರಿಗೆ ಫೋಟೋ ಕಳಿಸುವ ಆಸೆಗೆ ಎಲ್ಲರೂ ಇಳಿಯುವ ಜಾಗ ಇದು. ಇಳಿಯಿರಿ, ಆದರೆ ಅಳೆದು ಇಳಿಯಿರಿ. ಐಸ್ ಒತ್ತಡ ತಡೆದಷ್ಟು ಎಳೆತ ತಡೆಯುವುದಿಲ್ಲ. ಮೇಲೆ ಭಾರ ಬಿದ್ದಾಗ ಐಸ್ ಹಲಗೆಯಂತೆ ಬಾಗಿ ಅಡಿಭಾಗ ಎಳೆದುಕೊಳ್ಳುತ್ತದೆ. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ಮುರಿಯುವಾಗ ಸೀಳು ಅಡಿಯಿಂದ ಶುರುವಾಗುತ್ತದಲ್ಲ, ಹಾಗೇ. ಆದ್ದರಿಂದ ದಪ್ಪ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಕೆನಡಾದ ಐಸ್ ಸಂಶೋಧಕ ಎಲ್.ಡಬ್ಲ್ಯೂ. ಗೋಲ್ಡ್ 1971ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಸೆಂಟಿಮೀಟರಿನಲ್ಲಿ ದಪ್ಪವನ್ನು ಅದರಿಂದಲೇ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ ತಾಳುವ ಕಿಲೋ ಸಿಗುತ್ತದೆ. 10 ಸೆಂ.ಮೀ.ಗೆ 400 ಕಿಲೋ, 20 ಸೆಂ.ಮೀ.ಗೆ 1,600. ಮಿನ್ನೆಸೋಟದ ಸರ್ಕಾರಿ ಸಲಹೆಯೂ ಹತ್ತಿರಹತ್ತಿರ ಇದನ್ನೇ ಹೇಳುತ್ತದೆ: ನಡೆಯಲು ನಾಲ್ಕಿಂಚು, ಸ್ನೋಮೊಬೈಲ್‌ಗೆ (ಸ್ನೋ ಮೇಲೆ ಓಡುವ ಬೈಕಿನಂಥ ಗಾಡಿ) ಐದರಿಂದ ಏಳು, ಸಣ್ಣ ಕಾರಿಗೆ ಒಂಬತ್ತು-ಹತ್ತು.

ಇದೆಲ್ಲ ಹೊಸ, ತಿಳಿಯಾದ ಐಸ್‌ಗೆ ಮಾತ್ರ. ತಿಳಿ ಐಸ್ ಕೆಳಗಿನ ನೀರಿನಿಂದ ಕಪ್ಪಗೆ ಕಾಣುತ್ತದೆ. ಬೆಳ್ಳಗಿದ್ದರೆ ಅದು ನೆನೆದ ಸ್ನೋ ಹೆಪ್ಪುಗಟ್ಟಿದ್ದು, ಒಳಗೆ ಗಾಳಿಗುಳ್ಳೆ ತುಂಬಿರುತ್ತದೆ. ಅದಕ್ಕೆ ಎರಡರಷ್ಟು ದಪ್ಪ ಬೇಕು. ಮೇಲೆ ಸ್ನೋ ಹೊದ್ದಿರುವ ಕಡೆ ಚಳಿ ಒಳಗಿಳಿಯದೆ ಐಸ್ ನಿಧಾನವಾಗಿ ದಪ್ಪವಾಗುತ್ತದೆ. ತೊರೆ ಬಂದು ಸೇರುವಲ್ಲಿ, ಸೇತುವೆಯ ಕೆಳಗೆ, ಹರಿಯುವ ಹೊಳೆಯ ಮೇಲೆ ಯಾವ ಸೂತ್ರವನ್ನೂ ನಂಬಬೇಡಿ, ನೀರಿನ ಓಟ ಅಡಿಯಿಂದ ತಿನ್ನುತ್ತಿರುತ್ತದೆ. ಕೈ ಡ್ರಿಲ್ಲಿನಿಂದ 150 ಅಡಿಗೊಂದು ತೂತು ಕೊರೆದು ಅಳೆಯಿರಿ. ಕಾರು ನಿಲ್ಲಿಸಿದರೆ ಹತ್ತಿರದಲ್ಲೇ ಒಂದು ತೂತು ಕೊರೆದಿಡಿ: ನಿಂತ ಭಾರಕ್ಕೆ ಐಸ್ ನಿಧಾನಕ್ಕೆ ಜಗ್ಗುತ್ತದೆ, ತೂತಿನಿಂದ ನೀರು ಉಕ್ಕಿದರೆ ಕೂಡಲೇ ಜಾಗ ಬದಲಿಸಿ. ವೇಗವೂ ಕೂಡದು. ಓಡುವ ಗಾಡಿ ಐಸ್‌ನಡಿಯ ನೀರಿನಲ್ಲಿ ಅಲೆ ಎಬ್ಬಿಸುತ್ತದೆ, ದಡದ ಹತ್ತಿರ ಆ ಅಲೆ ತಿರುಗಿ ಬಂದು ಐಸ್ ಒಡೆಯುತ್ತದೆ. ಕೆನಡಾದ ಟಿಬ್ಬಿಟ್-ಕಾಂಟ್‌ವಾಯ್ಟೊ ಐಸ್ ರಸ್ತೆಯಲ್ಲಿ ಗಣಿಗೆ ಸರಕು ಹೊತ್ತ ಲಾರಿಗಳು ತೆವಳುವಂತೆ ಹೋಗುವುದು ಇದೇ ಕಾರಣಕ್ಕೆ.

ಮಾರ್ಚ್ ಬಂತೆಂದರೆ ಹುಷಾರು. ಬಿಸಿಲಿಗೆ ಐಸ್ ಉದ್ದುದ್ದ ಕಡ್ಡಿಗಳಾಗಿ ಒಳಗೊಳಗೇ ಬಿಡಿಸಿಕೊಳ್ಳುತ್ತದೆ. ಎರಡಡಿ ದಪ್ಪವಿದ್ದರೂ ಕಾಲಿಟ್ಟರೆ ಕುಸಿಯಬಹುದು.

ಐಸ್ ಒಡೆದು ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರುವುದಷ್ಟೇ ಕೆಲಸ. ಕೈಕಾಲು ಮಾತು ಕೇಳುವುದು ಇನ್ನು ಹತ್ತು ನಿಮಿಷ. ಬಂದ ದಿಕ್ಕಿಗೇ ತಿರುಗಿ (ಅಲ್ಲಿಯತನಕ ಐಸ್ ನಿಮ್ಮನ್ನು ಹೊತ್ತಿತ್ತು), ಕಾಲು ಬಡಿದು ಮೈ ಅಡ್ಡ ಮಾಡಿ, ಕೊರಳಿಗೆ ಹಾಕಿಕೊಂಡ ಐಸ್ ಪಿಕ್ (ಹಿಡಿಯಿರುವ ಚೂಪು ಮೊಳೆ) ಚುಚ್ಚಿ ಎಳೆದುಕೊಳ್ಳಿ. ಮೇಲೆ ಬಂದ ಮೇಲೆ ಎದ್ದು ನಿಲ್ಲಬೇಡಿ, ಉರುಳಿಕೊಂಡು ಹೋಗಿ.

ಮಕ್ಕಳಿಗೆ ಸ್ನೋ ಗುಡಿಸಲು ಬೇಕಾದರೆ ಡ್ರೈವ್‌ವೇ ದಿಬ್ಬವನ್ನು ಕಲ್ಲಾಗಿಸುವ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಆರೇಳು ಅಡಿ ಎತ್ತರ ಗುಡ್ಡೆ ಹಾಕಿ, ಎರಡು ಗಂಟೆ ಮುಟ್ಟಬೇಡಿ. ಒಂದಡಿ ಉದ್ದದ ಕಡ್ಡಿಗಳನ್ನು ಸುತ್ತಲೂ ಹೊರಗಿನಿಂದ ಚುಚ್ಚಿ, ಆಮೇಲೆ ಒಳಗಿನಿಂದ ತೋಡಿ; ಕಡ್ಡಿ ತುದಿ ಕಂಡಲ್ಲಿ ನಿಲ್ಲಿಸಿದರೆ ಗೋಡೆ ಎಲ್ಲ ಕಡೆ ಒಂದಡಿ ಉಳಿಯುತ್ತದೆ. ನೆತ್ತಿಯಲ್ಲಿ ಮುಷ್ಟಿಗಾತ್ರದ ಗಾಳಿಕಿಂಡಿ ಬೇಕೇ ಬೇಕು. ತೋಡುವಾಗ ದೊಡ್ಡವರೊಬ್ಬರು ಹೊರಗೆ ನಿಂತಿರಲಿ. ರಸ್ತೆ ಪಕ್ಕದ ರಾಶಿಯಲ್ಲಿ ಮಾತ್ರ ಯಾವತ್ತೂ ತೋಡಲು ಬಿಡಬೇಡಿ, ಪ್ಲೋ ಓಡಿಸುವವನಿಗೆ ಒಳಗಿದ್ದವರು ಕಾಣುವುದಿಲ್ಲ.

ಶಿವಮೊಗ್ಗದಲ್ಲಿ ಉಳಿದ ತಮ್ಮ ತಂಗಿಯರಿಗೂ ಒಂದು ಪ್ರಯೋಗವಿದೆ, ಫ್ರಿಜ್ ಇದ್ದರೆ ಸಾಕು. ಸಾಮಿಲ್‌ನಿಂದ ಮರದ ಹೊಟ್ಟು ತಂದು, ತೂಕದಲ್ಲಿ 14 ಪಾಲು ಹೊಟ್ಟಿಗೆ 86 ಪಾಲು ನೀರು ಕಲಸಿ ಹೆಪ್ಪುಗಟ್ಟಿಸಬೇಕು. ಇದಕ್ಕೆ ಪೈಕ್ರೀಟ್ ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಇದರಿಂದ ವಿಮಾನವಾಹಕ ಹಡಗು ಕಟ್ಟುವ ಯೋಚನೆ ನಡೆದಿತ್ತು. ಬರೀ ಐಸ್‌ನ ಮಾದರಿಯೊಂದನ್ನು 1943ರಲ್ಲಿ ಕೆನಡಾದ ಪೆಟ್ರೀಷಿಯಾ ಸರೋವರದಲ್ಲಿ ಕಟ್ಟಿಯೂ ಇದ್ದರು, ಹಡಗು ಮಾತ್ರ ಆಗಲಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಬರೀ ಐಸ್ ಚೂರಾಗುತ್ತದೆ, ಪೈಕ್ರೀಟ್ ತಗ್ಗು ಬಿದ್ದು ಸುಮ್ಮನಾಗುತ್ತದೆ, ಬಿರುಕು ಮುಂದೆ ಹೋಗದಂತೆ ನಾರು ತಡೆಯುತ್ತದೆ. ಒಂದೇ ತೊಂದರೆ, ಹೊಟ್ಟು ನೀರಿನ ಮೇಲೆ ತೇಲಿ ಅಡಿಗೆ ಬರೀ ಐಸ್ ಉಳಿಯುತ್ತದೆ. ರಾತ್ರಿಯೆಲ್ಲ ನೆನೆಸಿ, ಅರ್ಧರ್ಧ ಇಂಚಿನ ಪದರವಾಗಿ ಸುರಿದು, ಒಂದು ಗಟ್ಟಿಯಾದ ಮೇಲೆ ಇನ್ನೊಂದು ಹಾಕಬೇಕು.