ಕೆಂಪು ಹೊಲಕ್ಕೆ ಇಂಗಾಲ ಸೇರಿಸಿದ ಒಂಬತ್ತು ವರ್ಷ: ನನ್ನ ಅನುಭವ

ತಿಪಟೂರು ಸೀಮೆಯಲ್ಲಿರುವ ನಮ್ಮ ಎರಡೂವರೆ ಎಕರೆ ಖುಷ್ಕಿ ಹೊಲ ಮರಳು ಬೆರೆತ ಕೆಂಪು ಮಣ್ಣಿನದು. 2015ರಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ, ಎಂದರೆ ಕೊಳೆತ ಎಲೆ, ಬೇರು, ಸಗಣಿಯಿಂದ ಮಣ್ಣಿನಲ್ಲಿ ಉಳಿಯುವ ಇಂಗಾಲ, ಶೇ 0.34 ಎಂದು ಬಂತು. ಪ್ರಯೋಗಾಲಯಗಳ ಲೆಕ್ಕದಲ್ಲಿ ಶೇ 0.5ಕ್ಕಿಂತ ಕೆಳಗಿನದು ‘ಕಡಿಮೆ’, 0.75ರವರೆಗೆ ‘ಮಧ್ಯಮ’, ಅದಕ್ಕೂ ಮೇಲಿನದು ‘ಹೆಚ್ಚು’. ಹೊಲದ ಸ್ಥಿತಿ ಮಾತ್ರ ಚೀಟಿ ಬರುವ ಮೊದಲೇ ಕಣ್ಣಿಗೆ ಕಾಣುತ್ತಿತ್ತು. ಬಿರುಸಾದ ಒಂದು ಮಳೆ ಬಿದ್ದು ಬಿಸಿಲಾದರೆ ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗಿ ರಾಗಿಯ ಮೊಳಕೆ ಮೇಲೆ ಬರಲಾಗದೆ ಕೊಳೆಯುತ್ತಿತ್ತು. ಬದುವಿನ ತೂಬಿನಿಂದ ಹರಿಯುವ ನೀರು ಇಟ್ಟಿಗೆ ಬಣ್ಣದ್ದಾಗಿರುತ್ತಿತ್ತು.

ಆ ಬೇಸಿಗೆಯಲ್ಲಿ ಎರಡು ಗಾಜಿನ ಲೋಟಗಳಿಗೆ ನೀರು ತುಂಬಿ, ಒಂದರಲ್ಲಿ ಹೊಲದ ಒಣ ಹೆಂಟೆಯನ್ನೂ ಇನ್ನೊಂದರಲ್ಲಿ ಹುಲ್ಲು ಬೆಳೆದ ಬದುವಿನ ಒಣ ಹೆಂಟೆಯನ್ನೂ ಇಳಿಬಿಟ್ಟೆ. ಹೊಲದ ಹೆಂಟೆ ಗುಳ್ಳೆಗಳನ್ನು ಬಿಡುತ್ತಾ ಒಂದೇ ನಿಮಿಷದಲ್ಲಿ ಕುಸಿದು ಕೆಸರಾಯಿತು. ಬದುವಿನ ಹೆಂಟೆ ಅರ್ಧ ಗಂಟೆಯಾದರೂ ಹಾಗೆಯೇ ಇತ್ತು, ಅದರ ಮೇಲಿನ ನೀರು ತಿಳಿಯಾಗಿಯೇ ಉಳಿದಿತ್ತು. ಎರಡೂ ನಾಲ್ಕು ಮಾರು ಅಂತರದಲ್ಲಿ ತೆಗೆದ ಮಣ್ಣು. ಒಂದನ್ನು ನಾವು ವರ್ಷಕ್ಕೆ ನಾಲ್ಕೈದು ಬಾರಿ ಉಳುತ್ತಿದ್ದೆವು, ಇನ್ನೊಂದನ್ನು ಎಂದೂ ಮುಟ್ಟಿರಲಿಲ್ಲ.

ಮಣ್ಣಿನ ಕಣಗಳನ್ನು ಹೀಗೆ ಅಂಟಿಸಿ ಹಿಡಿಯುವ ಇಂಗಾಲ ಎಷ್ಟು ಗೊಬ್ಬರ ಹಾಕಿದರೆ ಎಷ್ಟು ಏರುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ಕೆಲಸದ ಗಾತ್ರ ತಿಳಿದದ್ದು. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಇಂಗಾಲವನ್ನು ಶೇ 0.1ರಷ್ಟು ಏರಿಸಬೇಕಾದರೆ 900 ಕೆ.ಜಿ. ಇಂಗಾಲ, ಎಂದರೆ ಸುಮಾರು ಒಂದೂವರೆ ಟನ್ ಸಾವಯವ ಪದಾರ್ಥ, ಮಣ್ಣಿನಲ್ಲಿ ಉಳಿಯಬೇಕು. ತಿಪ್ಪೆಯ ಗೊಬ್ಬರದಲ್ಲಿ ಅರ್ಧದಷ್ಟು ನೀರು, ಉಳಿದದ್ದರಲ್ಲಿ ಮಣ್ಣು ಬೂದಿಯೇ ಬಹಳ. ಮಿಕ್ಕ ಸಾವಯವ ಅಂಶದಲ್ಲಿಯೂ ಹೆಚ್ಚಿನ ಪಾಲನ್ನು ಸೂಕ್ಷ್ಮಜೀವಿಗಳು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಬಿಟ್ಟುಬಿಡುತ್ತವೆ. ಎರಡು ಹಸುಗಳ ಸಗಣಿಯಿಂದ ಇದು ಆಗುವ ಮಾತಲ್ಲ ಎಂದು ಅಂದೇ ಗೊತ್ತಾಯಿತು.

ಆ ಅವಸರದಲ್ಲಿಯೇ ಮೊದಲ ತಪ್ಪನ್ನು ಮಾಡಿದೆ. ನಮ್ಮ ಕಡೆ ತೆಂಗಿನ ನಾರಿನ ಪುಡಿಗೆ ಬರವಿಲ್ಲವಾದ್ದರಿಂದ ಹಸಿ ಪುಡಿಯನ್ನೇ ತಂದು ಒಂದು ಎಕರೆಗೆ ಹರಡಿ ಉಳುಮೆ ಮಾಡಿಸಿದೆ. ಬಿತ್ತಿ ಮೂರು ವಾರಕ್ಕೆ ಅಷ್ಟೂ ರಾಗಿ ಹಳದಿಯಾಯಿತು. ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರರ ಆಸುಪಾಸು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಂಡು ಬೆಳೆಯನ್ನು ಉಪವಾಸ ಕೆಡವಿದ್ದವು. ಮೇಲುಗೊಬ್ಬರವಾಗಿ ಯೂರಿಯಾ ಕೊಟ್ಟು ಅರ್ಧ ಬೆಳೆ ಉಳಿಸಿಕೊಂಡೆ. ಅಂದಿನಿಂದ ನಾರಿನ ಪುಡಿಯನ್ನು ಸಗಣಿ ಬಗ್ಗಡದ ಜೊತೆ ಪದರ ಪದರವಾಗಿ ಗುಂಡಿಗೆ ತುಂಬಿ, ವರ್ಷ ಕಳೆದು ಕಪ್ಪಾದ ಮೇಲೆಯೇ ಹೊಲಕ್ಕೆ ಒಯ್ಯುತ್ತೇನೆ.

ನಿಜವಾಗಿ ಕೆಲಸ ಮಾಡಿದ್ದು ಅಪ್ಸೆಣಬು ಎಂಬ ಹಸಿರೆಲೆ ಗೊಬ್ಬರದ ಬೆಳೆ. ಭರಣಿ ಅಥವಾ ಕೃತ್ತಿಕಾ ಮಳೆಗೆ ಎಕರೆಗೆ 20 ಕೆ.ಜಿ. ಬೀಜ ಚೆಲ್ಲಿ, ಹೂವಾಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ, ಎರಡು ವಾರ ಬಿಟ್ಟು ಪುನರ್ವಸು ಮಳೆಗೆ ರಾಗಿ ಬಿತ್ತುವುದು ಕ್ರಮ. ರೋಹಿಣಿ, ಮೃಗಶಿರಾ ಎರಡೂ ಕೈಕೊಟ್ಟ ಒಂದು ವರ್ಷ ಸೆಣಬು ಇದ್ದಬದ್ದ ತೇವವನ್ನೆಲ್ಲ ಕುಡಿದು ಕಾಂಡ ಕಟ್ಟಿಗೆಯಾಯಿತು, ರಾಗಿಗೆ ಹದವೇ ಉಳಿಯಲಿಲ್ಲ. ಈಗ ಮಳೆ ಹಿಂದೆಬಿದ್ದರೆ ಒಂದು ತಿಂಗಳಿಗೇ ಕೊಯ್ದು ನೆಲದ ಮೇಲೆ ಹಾಸಿಬಿಡುತ್ತೇನೆ. ಬದುಗಳ ಮೇಲೆ ನೆಟ್ಟ ಗ್ಲಿರಿಸಿಡಿಯಾ ಎಂಬ ಗೊಬ್ಬರದ ಗಿಡದ ಸೊಪ್ಪು ಮೂರನೆಯ ವರ್ಷದಿಂದ ಕೈಗೆ ಸಿಕ್ಕಿತು. ರೋಟವೇಟರ್ ಬಿಟ್ಟು ಉಳುಮೆಯನ್ನು ಎರಡಕ್ಕೆ ಇಳಿಸಿದೆ, ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆ ತೊಗರಿಯ ಕೂಳೆಗಳನ್ನು ಕೀಳದೆ ನೆಲದಲ್ಲಿಯೇ ಬಿಟ್ಟೆ.

ರಾಸಾಯನಿಕ ಗೊಬ್ಬರವನ್ನು ಪೂರ್ತಿ ಬಿಡಬೇಕೇ ಎಂಬ ಜಗಳ ಮನೆಯಲ್ಲಿ ಬಹಳ ದಿನ ನಡೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಖುಷ್ಕಿ ರಾಗಿಯ ಮೇಲೆ ನಡೆದಿರುವ ದೀರ್ಘಾವಧಿ ಪ್ರಯೋಗದಲ್ಲಿ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನ ರಸಗೊಬ್ಬರ ಪಡೆದ ತಾಕುಗಳು ಇಳುವರಿಯನ್ನೂ ಇಂಗಾಲವನ್ನೂ ಚೆನ್ನಾಗಿ ಉಳಿಸಿಕೊಂಡಿವೆ. ಹೆಚ್ಚು ಬೇರು, ಹೆಚ್ಚು ಹುಲ್ಲು ಬೆಳೆದರೆ ಮಣ್ಣಿಗೆ ಮರಳುವ ಇಂಗಾಲವೂ ಹೆಚ್ಚು ಎಂಬ ತರ್ಕ ನನಗೆ ಒಪ್ಪಿಗೆಯಾಗಿ ಎರಡನ್ನೂ ಇಟ್ಟುಕೊಂಡೆ.

2017ರಲ್ಲಿ ಪರೀಕ್ಷೆಯ ಫಲ 0.61 ಎಂದು ಬಂದಾಗ ಹಿಗ್ಗಿ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಎರಡೇ ವರ್ಷದಲ್ಲಿ ಅಷ್ಟು ಏರುವುದು ನನ್ನದೇ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ ನೆನಪಾಯಿತು, ಗೊಬ್ಬರ ಹರಡಿ ತಿಂಗಳೂ ಆಗದ ಹೊಲದಲ್ಲಿ, ಗುಡ್ಡೆ ಸುರಿದ ಜಾಗಗಳ ಪಕ್ಕದಲ್ಲಿ, ಮೇಲಿನ ಮೂರು ಬೆರಳು ಮಣ್ಣನ್ನು ಮಾತ್ರ ಕೆರೆದು ತಂದವನು ನಾನೇ. ಡೈಕ್ರೋಮೇಟ್ ಎಂಬ ರಾಸಾಯನಿಕ ಹಾಕಿ ಇಂಗಾಲ ಅಳೆಯುವ ಪರೀಕ್ಷೆಗೆ ಹೊಸ ಗೊಬ್ಬರದ ಚೂರು ಯಾವುದು, ಮಣ್ಣಿನಲ್ಲಿ ಬೆರೆತ ಹಳೆಯ ಇಂಗಾಲ ಯಾವುದು ಎಂಬುದು ತಿಳಿಯುವುದಿಲ್ಲ. ಅಂದಿನಿಂದ ಪ್ರತಿ ಬಾರಿಯೂ ಬೇಸಿಗೆಯಲ್ಲಿ, ಗೊಬ್ಬರ ಹೊಡೆಯುವ ಮೊದಲು, ಹೊಲವನ್ನು ಮೂರು ಭಾಗ ಮಾಡಿ, ಒಂದೊಂದರಲ್ಲೂ ಅಂಕುಡೊಂಕಾಗಿ ನಡೆದು ಹದಿನೈದು ಕಡೆ ‘ವಿ’ ಆಕಾರದ ಗುಂಡಿ ತೆಗೆದು, ಅರ್ಧ ಅಡಿ ಆಳದವರೆಗೆ ಒಂದೇ ದಪ್ಪಕ್ಕೆ ಮಣ್ಣನ್ನು ಸೀಳಿ ತೆಗೆಯುತ್ತೇನೆ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತಾ, ಅರ್ಧ ಕೆ.ಜಿ. ಉಳಿಯುವವರೆಗೆ ಇದನ್ನೇ ಮುಂದುವರಿಸುತ್ತೇನೆ. ಹೀಗೆ ತೆಗೆದ 2018ರ ಮಾದರಿಗಳ ಸರಾಸರಿ 0.38.

2024ರಲ್ಲಿ ಮೇಲಿನ ಭಾಗ 0.57, ನಡುವಿನದು 0.52, ಇಳಿಜಾರಿನ ಕೆಳಮೂಲೆ 0.41 ಬಂದಿವೆ. ಮೇಲಿನ ಭಾಗಕ್ಕೆ ಈ ವರ್ಷಗಳ ನಡುವೆ ಒಂದು ಬೇಸಿಗೆಯಲ್ಲಿ ಎಕರೆಗೆ ಇಪ್ಪತ್ತು ಟ್ರಾಕ್ಟರ್ ಲೋಡ್ ಕೆರೆಗೋಡು, ಎಂದರೆ ಕೆರೆಯ ತಳದ ಹೂಳುಮಣ್ಣು, ಹೊಡೆಸಿದ್ದೆ. ಗೋಡಿನ ಜೇಡಿಯ ಕಣಗಳು ಸಾವಯವ ಪದಾರ್ಥವನ್ನು ಅಪ್ಪಿಹಿಡಿದು ಬೇಗ ಕೊಳೆಯದಂತೆ ಕಾಯುವುದರಿಂದ, ಬರಿಯ ಮರಳು ಮಣ್ಣಿಗಿಂತ ಅಲ್ಲಿ ಹಾಕಿದ ಗೊಬ್ಬರ ಹೆಚ್ಚು ಕಾಲ ನಿಲ್ಲುತ್ತದೆ. ಆ ಭಾಗದ ಹೆಂಟೆ ಈಗ ಲೋಟದ ನೀರಿನಲ್ಲಿ ಹತ್ತು ನಿಮಿಷ ತಡೆಯುತ್ತದೆ, ಬದುವಿನದಕ್ಕೆ ಇನ್ನೂ ಸರಿಸಾಟಿಯಿಲ್ಲ. ಕೆಳಮೂಲೆಯಲ್ಲಿ ಒಳಗೊಂದು ಅಡ್ಡಬದು ಕಟ್ಟದ ಕಾರಣ ಹಾಕಿದ ಗೊಬ್ಬರವೆಲ್ಲ ಮಳೆಗೆ ಕೊಚ್ಚಿಹೋಗುತ್ತಿದೆ. ಮುಂದಿನ ಬೇಸಿಗೆಗೆ ಗೋಡು ಹೊಡೆಯುವುದಕ್ಕೂ ಮೊದಲು ಆ ಬದು ಏಳಬೇಕು.